ಪಡುಬದಿ ಕಿಟಕಿಗೆ ಡಬಲ್ ಗ್ಲಾಸ್ ಹಾಕಿಸಬೇಕಾ? (ಕುಂಬಳೆ ಹತ್ತಿರ ಹೊಸ ಮನೆ)

ಕುಂಬಳೆ ಕಡಲು

ಎಲ್ಲರಿಗೂ ನಮಸ್ಕಾರ. ಕುಂಬಳೆಯಿಂದ ಸ್ವಲ್ಪ ಒಳಗೆ ಮನೆ ಕಟ್ಟಿಸುತ್ತಾ ಇದ್ದೇವೆ. ಕೆಂಪುಕಲ್ಲಿನ ಗೋಡೆ, ಮೇಲೆ ಆರ್‌ಸಿಸಿ. ಲಿಂಟಲ್ ಮಟ್ಟಕ್ಕೆ ಬಂದಿದೆ. ಜಾಗ ಇರುವ ರೀತಿಯಿಂದ ಎರಡು ಬೆಡ್‌ರೂಮಿನ ದೊಡ್ಡ ಕಿಟಕಿಗಳು ಪಡುಬದಿಗೇ ಬಿದ್ದಿವೆ. ಒಂದೊಂದು ಆರಡಿ ಅಗಲ, ನಾಲ್ಕಡಿ ಎತ್ತರ. ಎರಡೂ ರೂಮಿಗೆ ಎಸಿ ಹಾಕುವ ಅಂದಾಜು.

ಕಿಟಕಿ ಮಾಡುವವರು ಬಂದು ನೋಡಿ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟು) ಸ್ಲೈಡಿಂಗ್ ಡಬಲ್ ಗ್ಲಾಸ್ ಹಾಕಿ, ಕರೆಂಟ್ ಬಿಲ್ಲು ಅರ್ಧ ಆಗ್ತದೆ ಎಂದರು. ರೇಟು ಸಿಂಗಲ್ ಗ್ಲಾಸಿನ ಹತ್ತಿರ ಹತ್ತಿರ ಎರಡು ಪಟ್ಟು. ದೋಹಾದಲ್ಲಿರುವ ಭಾವ "ಇಲ್ಲಿ ಎಲ್ಲ ಕಡೆ ಅದೇ, ಕಣ್ಣು ಮುಚ್ಚಿ ಹಾಕಿಸು" ಎನ್ನುತ್ತಾರೆ. ಅಪ್ಪನದ್ದು ಬೇರೆಯೇ ರಾಗ: "ಹಲಸಿನ ಮರ ತೋಟದಲ್ಲೇ ಉಂಟು, ಆಚಾರಿಗೆ ಹೇಳಿದ್ರೆ ಆಯ್ತು."

ನಿಜಕ್ಕೂ ಬಿಲ್ಲು ಕಡಿಮೆ ಆಗ್ತದಾ? ನಮ್ಮ ಊರಿನ ಹವೆಗೆ ಇದು ಬೇಕಾ?

ಪೆರ್ಲದ ಅಡಿಕೆ

ಬಿಲ್ಲು ಅರ್ಧ ಆಗ್ತದೆ ಅಂತ ಹೇಳಿದವರ ಹತ್ತಿರ ಅದನ್ನೇ ಒಂದು ಕಾಗದದಲ್ಲಿ ಬರೆದು ಸೈನ್ ಹಾಕಿ ಕೊಡಿ ಅಂತ ಕೇಳಿ ಮಾರಾಯ್ರೆ. ಆಮೇಲೆ ಫೋನ್ ಎತ್ತುವುದಿಲ್ಲ.

ಉಪ್ಪಳ ಟು ದೋಹಾ

ನಾನು ದೋಹಾದಲ್ಲಿ ಗಾಜಿನ ಕೆಲಸವೇ ಮಾಡುವುದು. ಡಬಲ್ ಗ್ಲಾಸ್ ಮೋಸ ಅಲ್ಲ. ಇಲ್ಲಿ ಜುಲೈಯಲ್ಲಿ ಹೊರಗೆ 45 ಡಿಗ್ರಿ, ಒಳಗೆ 23. ಎಸಿ ಹಗಲು ರಾತ್ರಿ ಓಡುತ್ತದೆ, ಕಿಟಕಿ ತೆರೆಯುವ ಪ್ರಶ್ನೆಯೇ ಇಲ್ಲ. ಅಲ್ಲಿಗೆ ಅದು ಸರಿ. ಆದರೆ ನಮ್ಮೂರಲ್ಲಿ ಡಬಲ್ ಗ್ಲಾಸ್ ಅಂತ ಮಾರುವುದರಲ್ಲಿ ಜಾಸ್ತಿ ಬರೀ ಎರಡು ಸಾದಾ ಗಾಜು. ಮುಖ್ಯ ಇರುವುದು ಒಳಗಿನ ಕೋಟಿಂಗ್. ಲೋ-ಇ ಅಂತಾರೆ. ಅದು ಉಂಟಾ ಕೇಳಿದ್ದೀರಾ?

ಕುಂಬಳೆ ಕಡಲು

ಕೇಳಿದೆ ಅಣ್ಣ. "ಅದೆಲ್ಲ ಬರ್ತದೆ ಸರ್" ಎಂದರು. ಎಂತ ಬರ್ತದೆ ಅಂತ ಗೊತ್ತಾಗಲಿಲ್ಲ.

ಸಿವಿಲ್ ಅಕ್ಕ

ನಾನು ಮೂಲತಃ ನೀರ್ಚಾಲಿನವಳು, ಈಗ ಬೆಂಗಳೂರಿನಲ್ಲಿ ಕಟ್ಟಡದ ಶಾಖದ ಲೆಕ್ಕ ಹಾಕುವುದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಕಿಟಕಿಯಿಂದ ಶಾಖ ಒಳಗೆ ಬರುವುದು ಎರಡು ದಾರಿಯಲ್ಲಿ. ಒಂದು, ಹೊರಗೆ ಬಿಸಿ ಒಳಗೆ ತಂಪು ಇರುವಾಗ ಗಾಜಿನ ಮೂಲಕ ದಾಟಿ ಬರುವುದು. ಇದಕ್ಕೆ ಯು-ವ್ಯಾಲ್ಯೂ ಅಂತ ಅಳತೆ. ಸಿಂಗಲ್ ಗಾಜಿಗೆ ಸುಮಾರು 5.7, ಸಾದಾ ಡಬಲ್‌ಗೆ 2.8. ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರ್‌ನಲ್ಲಿ ಅಷ್ಟು ವ್ಯಾಟ್ ದಾಟುತ್ತದೆ. ಇನ್ನೊಂದು, ಬಿಸಿಲು ನೇರ ಗಾಜಿನೊಳಗೆ ನುಗ್ಗುವುದು. ಅದಕ್ಕೆ ಎಸ್‌ಎಚ್‌ಜಿಸಿ ಅಂತಾರೆ. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಒಳಗೆ ಬಂತು ಅಂತ ಅದು ಹೇಳುತ್ತದೆ. ಸಾದಾ ಸಿಂಗಲ್ ಗಾಜಿಗೆ 0.82 ಹತ್ತಿರ. ಸಾದಾ ಡಬಲ್‌ಗೆ 0.72 ಅಂತ ಇಟ್ಟುಕೊಳ್ಳಿ.

ಈಗ ನಿಮ್ಮ ಕಿಟಕಿಯನ್ನೇ ನೋಡುವ. ಆರು ನಾಲ್ಕಲ ಇಪ್ಪತ್ತನಾಲ್ಕು ಚದರ ಅಡಿ, ಅಂದರೆ 2.2 ಚದರ ಮೀಟರ್. ಏಪ್ರಿಲ್ ತಿಂಗಳು, ಮೋಡ ಇಲ್ಲ, ಸಂಜೆ ನಾಲ್ಕು ಗಂಟೆ. ಪಡುಗೋಡೆಯ ಮೇಲೆ ಚದರ ಮೀಟರ್‌ಗೆ 600 ವ್ಯಾಟ್ ಬಿಸಿಲು ಅಂತ ಹಿಡಿಯುವ. ಹೊರಗೆ 34, ಒಳಗೆ 26.

ಸಿಂಗಲ್ ಗಾಜು: ಬಿಸಿಲಿನಿಂದ 1,080 ವ್ಯಾಟ್, ದಾಟಿ ಬರುವುದು 100 ವ್ಯಾಟ್. ಸಾದಾ ಡಬಲ್: ಬಿಸಿಲಿನಿಂದ 950, ದಾಟಿ ಬರುವುದು 50. ಒಟ್ಟು 1,180 ಇದ್ದದ್ದು 1,000ಕ್ಕೆ ಇಳಿಯಿತು. ಇಷ್ಟಕ್ಕೆ ಎರಡು ಪಟ್ಟು ದುಡ್ಡು!

ಒಳ್ಳೆ ಲೋ-ಇ ಕೋಟಿಂಗ್ ಇರುವ ಡಬಲ್, ಎಸ್‌ಎಚ್‌ಜಿಸಿ 0.30 ಇರುವುದು ಹಾಕಿದರೆ ಒಟ್ಟು 430 ವ್ಯಾಟ್ ಹತ್ತಿರ ಬರುತ್ತದೆ. ಇದು ನಿಜವಾದ ಉಳಿತಾಯ. ಆದರೆ ಅದೇ ಸಾದಾ ಸಿಂಗಲ್ ಗಾಜಿನ ಹೊರಗೆ, ಬಿಸಿಲಿನ ಐದು ಪಾಲಲ್ಲಿ ನಾಲ್ಕು ಪಾಲು ತಡೆಯುವ ನೆರಳು ಕಟ್ಟಿ ನೋಡಿ. ಒಟ್ಟು 310 ಚಿಲ್ಲರೆ. ಅಂದರೆ ಬಿದಿರಿನ ತಟ್ಟಿ ದುಬಾರಿ ಗಾಜಿಗೆ ಸರಿಸಾಟಿ.

ಪರದೆ ಒಳಗೆ ಹಾಕಿದರೆ ಆ ಲಾಭ ಸಿಗುವುದಿಲ್ಲ. ಬಿಸಿಲು ಗಾಜು ದಾಟಿ ಪರದೆಗೆ ಬಡಿದ ಮೇಲೆ ಶಾಖ ರೂಮಿನಲ್ಲೇ ಉಂಟಲ್ಲ. ತಡೆಯುವುದಾದರೆ ಹೊರಗೇ ತಡೆಯಬೇಕು.

ಪೆರ್ಲದ ಅಡಿಕೆ

ಅಕ್ಕ, ಸಜ್ಜಾ ಇರ್ತದಲ್ಲ. ಎಲ್ಲರ ಮನೆಗೂ ಎರಡಡಿ ಸಜ್ಜಾ ಹಾಕ್ತಾರೆ. ಅದು ಸಾಕಾಗುವುದಿಲ್ವಾ?

ಸಿವಿಲ್ ಅಕ್ಕ

ತೆಂಕುಬದಿಗೆ ಸಾಕು. ಪಡುಬದಿಗೆ ಸಾಕಾಗುವುದಿಲ್ಲ. ಏಪ್ರಿಲ್‌ನಲ್ಲಿ ಕಾಸರಗೋಡಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ನೆಲದಿಂದ ಸುಮಾರು 31 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಎರಡಡಿ ಸಜ್ಜಾದ ನೆರಳು ಆಗ ಕೆಳಗೆ ಬರುವುದು ಒಂದಡಿ ಚಿಲ್ಲರೆ ಮಾತ್ರ. ನಾಲ್ಕಡಿ ಕಿಟಕಿಯಲ್ಲಿ ಹತ್ತಿರ ಹತ್ತಿರ ಮೂರಡಿ ಬಿಸಿಲಿಗೆ ತೆರೆದೇ ಇರುತ್ತದೆ. ಐದೂವರೆಗೆ ನೆರಳು ಅರ್ಧ ಅಡಿ ಚಿಲ್ಲರೆ. ಪಡುಬದಿಗೆ ಬೇಕಾದದ್ದು ಕೆಳಗೆ ಇಳಿಯುವ ನೆರಳು.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ನಮ್ಮೂರು 12.5 ಡಿಗ್ರಿ ಅಕ್ಷಾಂಶದಲ್ಲಿ ಇರುವ ಕಾರಣ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮಗೆ ಬಡಗಿನಲ್ಲಿ. ಮೇ ತಿಂಗಳಲ್ಲಿ ಬಡಗುಬದಿ ಕಿಟಕಿಗೂ ಬೆಳಿಗ್ಗೆ ಸಂಜೆ ಓರೆ ಬಿಸಿಲು ಬರುತ್ತದೆ. ಬಡಗು ಯಾವಾಗಲೂ ತಂಪು ಅಂತ ಬಯಲುಸೀಮೆಗೂ ಮೇಲಿನವರು ಹೇಳಿದ್ದನ್ನು ನಾವು ಹಾಗೇ ನಂಬುವ ಹಾಗಿಲ್ಲ.

ಮಾಷ್ಟ್ರು, ಮುಳ್ಳೇರಿಯ

ಈ ಡಬಲ್ ಗ್ಲಾಸ್ ಹುಟ್ಟಿದ್ದೇ ಚಳಿ ದೇಶದವರ ಕಷ್ಟಕ್ಕೆ. ಫಿಸಿಕ್ಸ್ ಪಾಠ ಮಾಡುವವನಿಗೆ ಸುಮ್ನೆ ಕೂರಲಿಕ್ಕೆ ಆಗುವುದಿಲ್ಲ ನೋಡಿ.

1865ರಲ್ಲೇ ಅಮೆರಿಕದ ಥಾಮಸ್ ಸ್ಟೆಟ್ಸನ್ ಎರಡು ಗಾಜಿನ ಅಂಚು ಮುಚ್ಚಿ ನಡುವೆ ಗಾಳಿ ಹಿಡಿದಿಡುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಅದು ಮನೆಮನೆಗೆ ಬರಲಿಕ್ಕೆ ಇನ್ನೂ ಎಪ್ಪತ್ತು ಎಂಬತ್ತು ವರ್ಷ ಬೇಕಾಯಿತು. ಅಂಚು ಸರಿಯಾಗಿ ಮುಚ್ಚದಿದ್ದರೆ ತೇವ ಒಳಗೆ ಹೋಗಿ ಮಂಜು ಹಿಡಿಯುತ್ತಿತ್ತು. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಕರಗಿದ ತವರದ ಮೇಲೆ ಗಾಜು ತೇಲಿಸಿ ಮಾಡುವ ಫ್ಲೋಟ್ ವಿಧಾನವನ್ನು ಜಗತ್ತಿಗೆ ಹೇಳಿತು. ಸಮತಟ್ಟಾದ ಗಾಜು ಅಗ್ಗವಾಯಿತು.

ನಿಜವಾದ ತಿರುವು 1973ರ ತೈಲ ಬಿಕ್ಕಟ್ಟು. ಮನೆ ಬಿಸಿ ಮಾಡುವ ಎಣ್ಣೆಗೆ ಬೆಲೆ ಏರಿದಾಗ, ಶಾಖ ಎಲ್ಲಿ ಸೋರುತ್ತದೆ ಅಂತ ಅಮೆರಿಕದವರು ಹುಡುಕಲಿಕ್ಕೆ ಹೊರಟರು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಸ್ಟೀಫನ್ ಸೆಲ್ಕೊವಿಟ್ಜ್ ಅವರ ತಂಡ ಕಿಟಕಿಯ ಮೇಲೆಯೇ ಕೆಲಸ ಮಾಡಿತು. ಸಾದಾ ಗಾಜು ಶಾಖದ ಕಿರಣವನ್ನು ಚೆನ್ನಾಗಿ ಹೊರಸೂಸುತ್ತದೆ, ಅದರ ಎಮಿಸಿವಿಟಿ 0.84. ಅದರ ಮೇಲೆ ಹತ್ತು ಹದಿನೈದು ನ್ಯಾನೋಮೀಟರ್ ದಪ್ಪದ ಬೆಳ್ಳಿಯ ಪದರ ಕೊಟ್ಟರೆ ಅದು 0.1ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಕಣ್ಣಿಗೆ ಬೆಳ್ಳಿ ಕಾಣುವುದೇ ಇಲ್ಲ, ಬೆಳಕು ದಾಟುತ್ತದೆ, ಶಾಖ ಮಾತ್ರ ವಾಪಸ್ಸು. 1980ರ ದಶಕದ ಶುರುವಿಗೆ ಇದು ಮಾರುಕಟ್ಟೆಗೆ ಬಂತು. ಲೋ-ಇ ಅಂದರೆ ಇದೇ.

ನಮಗೆ ಉಪಯೋಗ ಆದದ್ದು ಇದರ ಮುಂದಿನ ಹೆಜ್ಜೆ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಬೆಳ್ಳಿಯ ಎರಡು ಮೂರು ಪದರ ಕೊಟ್ಟು, ಬೆಳಕನ್ನು ಬಿಟ್ಟು ಆ ಅರ್ಧವನ್ನು ಹೊರಗೇ ತಳ್ಳುವ ಗಾಜು ಮಾಡಿದರು. ನಡುವೆ ಆರ್ಗಾನ್ ತುಂಬುವುದೂ ಉಂಟು. ನಮ್ಮ ಗಾಳಿಯಲ್ಲೇ ನೂರಕ್ಕೆ ಒಂದು ಪಾಲಿನಷ್ಟು ಇರುವ ಅನಿಲ ಅದು. ಗಾಳಿಗಿಂತ ನಿಧಾನ ಶಾಖ ಸಾಗಿಸುತ್ತದೆ. ಈಗ ನಿರ್ವಾತ ಗಾಜೂ ಬಂದಿದೆ. 1989ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು, ಆಮೇಲೆ ಜಪಾನಿನವರು ಮಾರಾಟಕ್ಕೆ ತಂದರು. ಎರಡು ಗಾಜಿನ ನಡುವೆ ಒಂದು ಮಿಲಿಮೀಟರೂ ಇಲ್ಲ.

ಪೈವಳಿಕೆ ಬೋಗಿ

ಮಾಷ್ಟ್ರೇ, ಕ್ಲಾಸಿನಲ್ಲಿ ಹೀಗೆ ಹೇಳಿದ್ದರೆ ನಾನೂ ಪಾಸಾಗ್ತಿದ್ದೆ.

ಮಾಷ್ಟ್ರು, ಮುಳ್ಳೇರಿಯ

ನೀನು ಹಿಂದಿನ ಬೆಂಚಿನಲ್ಲಿ ಎಂತ ಮಾಡ್ತಾ ಇದ್ದೆ ಅಂತ ನನಗೆ ಗೊತ್ತಿಲ್ವಾ?

ಉಪ್ಪಳ ಟು ದೋಹಾ

ಮಾಷ್ಟ್ರು ಹೇಳಿದ ಬೆಳ್ಳಿ ಪದರ ತೇವಕ್ಕೆ ಕಪ್ಪಾಗುತ್ತದೆ. ಹಾಗಾಗಿ ಅದು ಯಾವಾಗಲೂ ಎರಡು ಗಾಜಿನ ಒಳಮೈಯಲ್ಲೇ ಇರಬೇಕು. ಗಾಜಿನ ಮೈಗಳನ್ನು ಹೊರಗಿನಿಂದ 1, 2, 3, 4 ಅಂತ ಎಣಿಸುತ್ತೇವೆ. ಬಿಸಿಲೂರಿಗೆ ಕೋಟಿಂಗ್ 2ನೇ ಮೈಯಲ್ಲಿ, ಚಳಿ ಊರಿಗೆ 3ರಲ್ಲಿ. ತಿರುಗಿಸಿ ಕೂರಿಸಿದರೆ ಬಿಸಿಲು ಜಾಸ್ತಿ ಒಳಗೆ ಬರುತ್ತದೆ. ಅಂಥದ್ದನ್ನು ಊರಿನಲ್ಲಿ ನೋಡಿದ್ದೇನೆ, ಯಾರ ಕೆಲಸ ಅಂತ ಹೇಳುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ಸಂಜೆ ಕತ್ತಲಾದ ಮೇಲೆ ಒಳಗೆ ನಿಂತು, ಗಾಜಿನ ಹತ್ತಿರ ಲೈಟರ್ ಹೊತ್ತಿಸಿ ಓರೆಯಾಗಿ ನೋಡಿ. ಗಾಜಿನಲ್ಲಿ ನಾಲ್ಕು ಜ್ವಾಲೆ ಒಂದರ ಹಿಂದೆ ಒಂದು ಕಾಣುತ್ತದೆ. ನಾಲ್ಕೂ ಒಂದೇ ಬಣ್ಣ ಇದ್ದರೆ ಕೋಟಿಂಗ್ ಇಲ್ಲ, ಸಾದಾ ಗಾಜು. ಒಂದರ ಬಣ್ಣ ಬೇರೆ ಇದ್ದರೆ ಕೋಟಿಂಗ್ ಉಂಟು. ನಮ್ಮೂರಿಗೆ ಅದು ನಿಮ್ಮ ಕಡೆಯಿಂದ ಮೂರನೆಯ ಜ್ವಾಲೆ ಆಗಿರಬೇಕು.

ಮತ್ತೆ, ಎರಡು ಗಾಜಿನ ನಡುವಿನ ಅಲ್ಯೂಮಿನಿಯಂ ಪಟ್ಟಿ ನೋಡಿ. ಅದರ ಒಳಬದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ತೂತು ಇರಬೇಕು. ಪಟ್ಟಿಯ ಹೊಟ್ಟೆಯಲ್ಲಿ ತೇವ ಹೀರುವ ಕಾಳು ತುಂಬಿರುತ್ತದೆ, ಆ ತೂತಿನಿಂದಲೇ ಅದು ಕೆಲಸ ಮಾಡುವುದು. ತೂತೇ ಇಲ್ಲದ ಪಟ್ಟಿ, ಅಥವಾ ಬರೀ ಟೇಪು ಹಚ್ಚಿ ಅಂಟಿಸಿದ್ದು ಆದರೆ ಕುಂಬಳೆಯ ಮಳೆಗೆ ಹೆಚ್ಚು ಕಾಲ ತಡೆಯುವುದಿಲ್ಲ. ನಡುವೆ ಮಂಜು ಹಿಡಿದರೆ ಒರೆಸಲಿಕ್ಕೆ ಆಗುವುದಿಲ್ಲ, ಇಡೀ ಗಾಜೇ ಬದಲಿಸಬೇಕು.

ಸೊಲ್ಲಾಪುರ ಸಿದ್ಧು

ನಾನು ಅಕ್ಕಲಕೋಟೆ ಕಡೆಯವ, ನಿಮ್ಮ ಮಾತು ಓದುತ್ತಾ ಕೂತಿದ್ದೆ. ನಮ್ಮಲ್ಲಿ ಮೇ ತಿಂಗಳು 42 ಡಿಗ್ರಿ ಅಂದರೆ ಆಶ್ಚರ್ಯ ಇಲ್ಲ, ಆದರೆ ಒಣ ಬಿಸಿ. ಹಳೇ ಮಾಳಿಗೆ ಮನೆಗಳಲ್ಲಿ ಗೋಡೆ ಎರಡಡಿ ದಪ್ಪ, ಕಿಟಕಿ ಸಣ್ಣದು, ಮೇಲೊಂದು ಬೆಳಕಿಂಡಿ. ಹಗಲು ಎಲ್ಲ ಮುಚ್ಚು, ರಾತ್ರಿ ಎಲ್ಲ ತೆಗಿ. ನಮಗೆ ಡಬಲ್ ಗಾಜು ಹಾಕಿದರೆ ನಿಮಗಿಂತ ಜಾಸ್ತಿ ಉಪಯೋಗ ಆದೀತು ಅನ್ನಿಸ್ತದೆ. ಹೌದಲ್ಲೋ ಅಕ್ಕಾರ?

ಸಿವಿಲ್ ಅಕ್ಕ

ಹೌದು. ಹೊರಗೆ 42, ಒಳಗೆ 26 ಇದ್ದರೆ ವ್ಯತ್ಯಾಸ 16. ಕಾಸರಗೋಡಿನ ಎರಡು ಪಟ್ಟು. ಅಲ್ಲಿಯೂ ಬಿಸಿಲೇ ದೊಡ್ಡಣ್ಣ, ಆದರೆ ಗಾಜು ದಾಟುವ ಶಾಖವನ್ನು ಅಲಕ್ಷ್ಯ ಮಾಡುವ ಹಾಗಿಲ್ಲ.

ನಮ್ಮ ಸರಕಾರದ ನಿಯಮವೇ ಇದನ್ನು ಒಪ್ಪುತ್ತದೆ. 2018ರಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿಯವರು ಮನೆಗಳಿಗೆ ಅಂತಲೇ ಇಕೋ ನಿವಾಸ್ ಸಂಹಿತಾ ತಂದರು. ದೇಶವನ್ನು ಐದು ಹವಾವಲಯ ಮಾಡಿದ್ದಾರೆ. ಒಣಬಿಸಿಯ ಊರಿನಲ್ಲಿ ತೆರೆಯಲು ಬರುವ ಕಿಟಕಿಯ ಜಾಗ ನೆಲದ ಅಳತೆಯ 10 ಶೇಕಡಾ ಇದ್ದರೆ ಸಾಕು. ನಮ್ಮ ಕರಾವಳಿಯಂಥ ಬಿಸಿ-ತೇವದ ಊರಿಗೆ 16.66 ಶೇಕಡಾ, ಅಂದರೆ ಆರನೇ ಒಂದು ಪಾಲು. ಐದು ವಲಯದಲ್ಲಿ ಅತಿ ಹೆಚ್ಚು ನಮಗೇ. ಯಾಕೆಂದರೆ ಇಲ್ಲಿ ಮೈಯ ಬೆವರು ಆರಬೇಕಾದರೆ ಗಾಳಿ ಆಡಬೇಕು.

ಇನ್ನು ಸ್ಲೈಡಿಂಗ್ ವಿಷಯಕ್ಕೆ ಬನ್ನಿ. ನಿಮ್ಮ ರೂಮು ಹನ್ನೆರಡು ಹನ್ನೆರಡು ಅಡಿ ಅಂತ ಇಟ್ಟುಕೊಂಡರೆ 144 ಚದರ ಅಡಿ. ಆರನೇ ಒಂದು ಅಂದರೆ 24. ನಿಮ್ಮ ಕಿಟಕಿ ಸರಿಯಾಗಿ 24! ಆದರೆ ಎರಡು ಹಳಿಯ ಸ್ಲೈಡಿಂಗ್ ತೆರೆಯುವುದು ಅರ್ಧ ಮಾತ್ರ. 12 ಆಯಿತು. ದೊಡ್ಡ ಕಿಟಕಿಯ ಬಿಸಿಲು ಪೂರ್ತಿ, ಗಾಳಿ ಅರ್ಧ. ನನ್ನ ಕೇಳಿದರೆ, ನಿಮ್ಮ ಕೊಟೇಶನ್‌ನಲ್ಲಿ ದೊಡ್ಡ ಲೋಪ ಗಾಜಿನದ್ದಲ್ಲ, ಸ್ಲೈಡಿಂಗ್‌ನದ್ದು. ಎಸಿ ಹಾಕಿದಾಗಲೂ ಅಷ್ಟೆ. ಸ್ಲೈಡಿಂಗ್‌ನಲ್ಲಿ ಬ್ರಶ್ಶಿನ ಸೀಲು, ಸಂದಿಯಲ್ಲಿ ತೇವದ ಗಾಳಿ ನುಗ್ಗುತ್ತದೆ. ಹೊರಗೆ ತೆರೆಯುವ ಬಾಗಿಲಿನ ಕಿಟಕಿ ರಬ್ಬರ್ ಗ್ಯಾಸ್ಕೆಟ್‌ಗೆ ಒತ್ತಿ ಕೂರುತ್ತದೆ. ಆ ತೇವವನ್ನು ನೀರು ಮಾಡಿ ಹೊರಗೆ ಹಾಕಲಿಕ್ಕೂ ಎಸಿಗೆ ಕರೆಂಟ್ ಬೇಕು.

ಕುಂಬಳೆ ಕಡಲು

ಇದು ಯಾರೂ ಹೇಳಿರಲಿಲ್ಲ ಅಕ್ಕ. ಆದರೆ ಬಾಗಿಲು ಹೊರಗೆ ತೆರೆಯಬೇಕು, ತಟ್ಟಿಯೂ ಹೊರಗೇ ಇರಬೇಕು. ಒಂದಕ್ಕೊಂದು ಬಡಿಯುವುದಿಲ್ವಾ?

ಆಚಾರಿ ಮಗ

ಬಡಿಯುವುದಿಲ್ಲ ಅಣ್ಣ. ಆರಡಿ ಕಿಟಕಿಗೆ ನಾಲ್ಕು ಬಾಗಿಲು ಮಾಡಿ. ಒಂದೊಂದು ಒಂದೂವರೆ ಅಡಿ ಅಗಲ. ಸಜ್ಜಾ ಎರಡಡಿ ಮುಂದೆ ಇದೆಯಲ್ಲ, ಅದರ ಅಂಚಿನಿಂದ ಬಿದಿರಿನ ಸುರುಳಿ ಪರದೆ ಇಳಿಬಿಟ್ಟರೆ ಬಾಗಿಲು ಪೂರ್ತಿ ತೆರೆದರೂ ಅರ್ಧ ಅಡಿ ಜಾಗ ಉಳಿಯುತ್ತದೆ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಇಳಿಸಿ, ಸಂಜೆ ಸುತ್ತಿ. ಮಳೆಗೆ ಮೊದಲು ಬಿಚ್ಚಿ ಅಟ್ಟದಲ್ಲಿ ಇಡಿ. ಬಿದಿರು ಬೇಡವಾದರೆ ನರ್ಸರಿಗೆ ಹಾಕುವ ಹಸಿರು ನೆಟ್ಟು ಚೌಕಟ್ಟಿಗೆ ಬಿಗಿದು ತೂಗಿಸಿ. ಚಂದ ಕಾಣುವುದಿಲ್ಲ, ಕೆಲಸ ಮಾಡುತ್ತದೆ.

ಹಲಸಿನ ಮರ ಇದ್ದರೆ ಬಿಡಬೇಡಿ. ಬಿಸಿಲಿಗೆ ಅಲ್ಯೂಮಿನಿಯಂ ಚೌಕಟ್ಟು ಮುಟ್ಟಿ ನೋಡಿ, ಮರ ಮುಟ್ಟಿ ನೋಡಿ. ಗೊತ್ತಾಗ್ತದೆ. ಗ್ಯಾಸ್ಕೆಟ್ ಕೂರುವ ಉದ್ದ ಸೀಳು ಮರದಲ್ಲೂ ಹೊಡೆಯಲಿಕ್ಕೆ ಆಗುತ್ತದೆ, ಈಗ ರೂಟರ್ ಎಲ್ಲರ ಹತ್ತಿರ ಉಂಟು. ಬಿಜಾಗ್ರಿ, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ಸೇ ಹಾಕಿ. ಉಪ್ಪುಗಾಳಿಗೆ ಸಾದಾ ಸ್ಕ್ರೂ ಎರಡು ಮಳೆಗಾಲಕ್ಕೆ ತುಕ್ಕು ಕಾರುತ್ತದೆ. ಯುಪಿವಿಸಿ ಒಳಗೂ ಕಬ್ಬಿಣದ ಪಟ್ಟಿ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ.

ಪೈವಳಿಕೆ ಬೋಗಿ

ನಮ್ಮ ಮನೆಯ ಪಡುಬದಿಗೆ ಅಮ್ಮ ಬಸಳೆ ಚಪ್ಪರ ಹಾಕಿಸಿದ್ದಾರೆ. ಕಿಟಕಿಗೆ ನಾಲ್ಕಡಿ ದೂರ, ಬಾವಿಯ ನೀರು ಅದರ ಬುಡಕ್ಕೇ ಹೋಗುವ ಹಾಗೆ. ಬೇಸಿಗೆಯಲ್ಲಿ ದಪ್ಪ ಎಲೆ ತುಂಬಿ ಗೋಡೆಗೆ ಬಿಸಿಲೇ ಬೀಳುವುದಿಲ್ಲ. ಸಾರಿಗೂ ಆಯಿತು, ನೆರಳಿಗೂ ಆಯಿತು.

ಪೆರ್ಲದ ಅಡಿಕೆ

ಬಸಳೆಯ ಎಸ್‌ಎಚ್‌ಜಿಸಿ ಎಷ್ಟು ಅಕ್ಕ?

ಸಿವಿಲ್ ಅಕ್ಕ

ಯಾರೂ ಅಳೆದು ಸ್ಟಿಕ್ಕರ್ ಅಂಟಿಸಿಲ್ಲ. ಆದರೆ ಎಲೆ ಗಾಜಿನ ಹಾಗೆ ಕಾದು ಕೂರುವುದಿಲ್ಲ, ನೀರು ಆವಿ ಮಾಡಿ ತಣ್ಣಗೇ ಇರುತ್ತದೆ. ಸೊಳ್ಳೆ ಮಾತ್ರ ನೋಡಿಕೊಳ್ಳಿ. ಕಿಟಕಿಗೆ ಜಾಲರಿ ಹಾಕಲೇಬೇಕು, ಜಾಲರಿ ಗಾಳಿ ಕಡಿಮೆ ಮಾಡುತ್ತದೆ ಅಂತ ಲೆಕ್ಕ ಇಟ್ಟುಕೊಂಡೇ ಕಿಟಕಿ ಮಾಡಿ.

ನುಳ್ಳಿಪ್ಪಾಡಿ ನಿವಾಸಿ

ಬಿಲ್ಲಿನ ವಿಷಯ ಯಾರೂ ಮಾತಾಡಲಿಲ್ಲ. ಕೆಎಸ್‌ಇಬಿಯಲ್ಲಿ (ಕೇರಳದ ವಿದ್ಯುತ್ ಮಂಡಳಿ) ತಿಂಗಳಿಗೆ 250 ಯೂನಿಟ್ ತನಕ ಹಂತ ಹಂತದ ದರ. ದಾಟಿದರೆ ಮೊದಲ ಯೂನಿಟ್‌ನಿಂದಲೇ ಮೇಲಿನ ಒಂದೇ ದರ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವ ಕಾರಣ 500ರ ಗೆರೆ ಅಂತ ನೆನಪಿಡಿ. ಎರಡು ಎಸಿ ಇರುವ ಮನೆ ಏಪ್ರಿಲ್-ಮೇಯಲ್ಲಿ ಆ ಗೆರೆಯ ಆಸುಪಾಸಿನಲ್ಲೇ ಇರುತ್ತದೆ. ಸ್ವಲ್ಪ ಉಳಿಸಿದರೂ ಗೆರೆ ದಾಟದೆ ಇದ್ದರೆ ಲಾಭ ಜಾಸ್ತಿ. ಎಸಿ 24ಕ್ಕೆ ಇಡಿ. 2020ರಿಂದ ಹೊಸ ಎಸಿಗಳು ಆನ್ ಮಾಡುವಾಗ 24ರಲ್ಲೇ ಬರುತ್ತವೆ, ನಾವೇ 18 ಮಾಡುವುದು.

ಉಪ್ಪಳ ಟು ದೋಹಾ

18 ಮಾಡಿದರೆ ಇನ್ನೊಂದು ತಮಾಷೆ ಉಂಟು. ಜೂನ್-ಜುಲೈಯಲ್ಲಿ ಸಿಂಗಲ್ ಗಾಜಿನ ಹೊರಮೈ ಬೆವರುತ್ತದೆ. ಒಳಗೆ ತಂಪು, ಹೊರಗೆ ತೇವ. ನೀರು ಇಳಿದು ಮರದ ಚೌಕಟ್ಟಿಗೆ ಹೋಗುತ್ತದೆ. ಡಬಲ್ ಗ್ಲಾಸಿನ ಪರ ನನ್ನ ವಾದ ಅಂದರೆ ಇದು, ಮತ್ತೆ ರಸ್ತೆಯ ಸದ್ದು. ಹೈವೇ ಬದಿಯ ಮನೆ ಆಗಿದ್ದರೆ ನಾನು ಹಾಕಿಸಿಯೇ ಸಿದ್ಧ.

ಸಿವಿಲ್ ಅಕ್ಕ

ಒಪ್ಪುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಎಸಿ ಓಡುವ ರೂಮು, ನೆರಳು ಕಟ್ಟಲಿಕ್ಕೆ ಜಾಗವೇ ಇಲ್ಲದ ಗೋಡೆ, ಫ್ಲ್ಯಾಟಿನ ಮೇಲಿನ ಮಹಡಿ, ಇಂಥ ಕಡೆ ಕೋಟಿಂಗ್ ಇರುವ ಗಾಜಿಗೆ ದುಡ್ಡು ಹಾಕಿ. ಕೇಳುವಾಗ ಎಸ್‌ಎಚ್‌ಜಿಸಿ ಎಷ್ಟು, ಬೆಳಕು ಎಷ್ಟು ದಾಟುತ್ತದೆ ಅಂತ ಎರಡೂ ಕೇಳಿ. ಬರೀ ಕಪ್ಪು ಗಾಜು ಹಾಕಿದರೆ ಹಗಲೇ ಲೈಟು ಹಾಕಬೇಕಾಗುತ್ತದೆ, ಗಾಜು ತಾನೇ ಕಾದು ಆ ಶಾಖದ ಒಂದು ಪಾಲು ಒಳಗೆ ಬಿಡುತ್ತದೆ.

ಮತ್ತೆ ಕುಂಬಳೆಯವರೇ, ಕಿಟಕಿ ಕಿಟಕಿ ಅಂತ ಆರ್‌ಸಿಸಿ ಮರೆಯಬೇಡಿ. ಮೇಲಿನ ಸ್ಲ್ಯಾಬು ಇಡೀ ಹಗಲು ಕಾಯುತ್ತದೆ. ಶೀಟು ಹಾಕುವ ಅಂದಾಜು ಉಂಟಾ?

ಕುಂಬಳೆ ಕಡಲು

ಮೇಲೆ ಹಂಚು ಹಾಕುವುದು ಅಂತ ಅಪ್ಪನ ಹಟ, ಅಡಿಕೆ ಒಣಗಿಸಿ ಇಡಲಿಕ್ಕೂ ಆಗುತ್ತದೆ ಅಂತ. ಅದು ಆಗುತ್ತದೆ. ಕಿಟಕಿಗೆ ಈಗ ಅಂದಾಜು ಹೀಗೆ: ಹಲಸಿನ ಮರ, ನಾಲ್ಕು ಬಾಗಿಲು, ಗ್ಯಾಸ್ಕೆಟ್, ಸಿಂಗಲ್ ಗಾಜು, ಹೊರಗೆ ಬಿದಿರಿನ ಪರದೆ. ಅಪ್ಪ ಅಮ್ಮ ಮಲಗುವ ರೂಮಿಗೆ ಮಾತ್ರ ಲೋ-ಇ ರೇಟು ಇನ್ನೊಮ್ಮೆ ಕೇಳುತ್ತೇನೆ, ಅಮ್ಮನಿಗೆ ಉಬ್ಬಸ ಇರುವ ಕಾರಣ ಅಲ್ಲಿ ಕಿಟಕಿ ಮುಚ್ಚಿ ಎಸಿ ಹಾಕುವುದು ಜಾಸ್ತಿ. ಭಾವನಿಗೆ ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ. ಓದಿ ನೋಡಿ "ಲೈಟರ್ ನಾನೇ ತರ್ತೇನೆ" ಎಂದರು.

ಉಪ್ಪಳ ಟು ದೋಹಾ

ವಿಮಾನದಲ್ಲಿ ಲೈಟರ್ ಬಿಡುವುದಿಲ್ಲ. ಮೊಬೈಲಿನ ಟಾರ್ಚ್ ಹಿಡಿದರೂ ನಾಲ್ಕು ಚುಕ್ಕೆ ಕಾಣುತ್ತದೆ ಅಂತ ಹೇಳಿ.

ಆಚಾರಿ ಮಗ

ಅಣ್ಣ, ಮರ ಕಡಿಸಿ ಆಗಿದೆಯಾ, ಇನ್ನೂ ನಿಂತೇ ಉಂಟಾ? ಹಸಿ ಹಲಗೆಯಲ್ಲಿ ಬಾಗಿಲು ಮಾಡಿದರೆ ಮೊದಲ ಬೇಸಿಗೆಗೇ ಸೆಡೆತು ಗ್ಯಾಸ್ಕೆಟ್ ಬಿಟ್ಟು ನಿಲ್ಲುತ್ತದೆ. ಆಮೇಲೆ ಅಕ್ಕ ಹೇಳಿದ ಲೆಕ್ಕ ಯಾವುದೂ ಹಿಡಿಯುವುದಿಲ್ಲ.

ಕುಂಬಳೆ ಕಡಲು

ಕಳೆದ ವರ್ಷ ಗಾಳಿಗೆ ಬಿದ್ದ ಮರ. ಕೊಯ್ಯಿಸಿ ಕೊಟ್ಟಿಗೆಯಲ್ಲಿ ಅಟ್ಟಿ ಹಾಕಿ ಆಗಿದೆ, ನಡುವೆ ರೀಪು ಇಟ್ಟಿದ್ದೇವೆ.

ಆಚಾರಿ ಮಗ

ಹಾಗಾದರೆ ಸರಿ. ದಾರಂದದ ಅಳತೆ ಕಳಿಸಿ, ಅಪ್ಪನ ಹತ್ತಿರ ಕೇಳಿ ಹೇಳುತ್ತೇನೆ.